ಮರ್ಯಾದೆ ಯಾರದು, ಮಗು ಯಾರದು?



ಹೈಸ್ಕೂಲು ಮುಗಿಸಿದ ಮಕ್ಕಳನ್ನು ವೇದಿಕೆಗೆ ಕರೆದು, ಯಾವ ಕಾಲೇಜಿಗೆ ಸೇರಿದರೆಂದು ಓದಿ ಹೇಳಿ, ಹೂವು ಕೊಟ್ಟು ಚಪ್ಪಾಳೆ ತಟ್ಟುವುದು ನಮ್ಮ ಸಂಘಗಳ ಒಳ್ಳೆಯ ಪದ್ಧತಿ. 1985ರಲ್ಲಿ ಬಾಲು ನಟರಾಜನ್ ರಾಷ್ಟ್ರೀಯ ಸ್ಪೆಲಿಂಗ್ ಬೀ ಗೆದ್ದ ಮೇಲೆ ಆ ಸ್ಪರ್ಧೆಯೂ ಭಾರತೀಯರ ಮನೆಹಬ್ಬದಂತೆ ಆಗಿದೆ. 2019ರಲ್ಲಿ ಜಂಟಿಯಾಗಿ ಗೆದ್ದ ಎಂಟು ಮಕ್ಕಳಲ್ಲಿ ಏಳು ಮಂದಿ ಭಾರತೀಯ ಮೂಲದವರು. ಸಂತೋಷ. ಹೆಮ್ಮೆ ಪಡಬೇಕಾದದ್ದೇ.

ಆದರೆ ಸ್ಪೆಲಿಂಗೇ ಬಾರದ ಮಗುವಿನ ಮಾತೇನು? ಅಂಥ ಮಗು ನಮ್ಮವರಲ್ಲಿ ಒಂದೂ ಇಲ್ಲವೇ? ಖಂಡಿತ ಇದೆ. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ ಅಷ್ಟೆ. ಅದಕ್ಕೆ ಶಾಲೆಯಲ್ಲಿ ಸಿಗಬೇಕಾದ ನೆರವನ್ನು, ಕೊಡುತ್ತೇವೆ ಎಂದು ಶಾಲೆಯೇ ಕರೆದರೂ, ನಮ್ಮವರಲ್ಲಿ ಅನೇಕರು ಬೇಡವೆನ್ನುತ್ತಿದ್ದಾರೆ. ಇದು ತಪ್ಪು, ಮಗುವಿಗೆ ಮಾಡುವ ಅನ್ಯಾಯ ಎಂಬುದೇ ನಮ್ಮ ಇವತ್ತಿನ ವಾದ. ಕೆಲವರಿಗೆ ಬೇಸರವಾಗಬಹುದು. ಆಗಲಿ.

ಏನು ನಡೆಯುತ್ತದೆಂದು ಎಲ್ಲರಿಗೂ ಗೊತ್ತಿದೆ. ಎರಡನೆಯ ಇಲ್ಲವೆ ಮೂರನೆಯ ತರಗತಿಯಲ್ಲಿ ಶಾಲೆಯಿಂದ ಒಂದು ಕಾಗದ ಬರುತ್ತದೆ. ಮಗುವಿಗೆ ಓದಿನಲ್ಲಿ ತೊಂದರೆ ಕಾಣುತ್ತಿದೆ, ಪರೀಕ್ಷಿಸಿ ನೋಡಲು ನಿಮ್ಮ ಒಪ್ಪಿಗೆ ಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಮನೆಯಲ್ಲಿ ಮೂರು ಮಾತು ಏಳುತ್ತವೆ. "ನಮ್ಮ ವಂಶದಲ್ಲೇ ಇಂಥದ್ದಿಲ್ಲ." "ಆ ಟೀಚರಿಗೆ ನಮ್ಮವರನ್ನು ಕಂಡರೆ ಆಗೋಲ್ಲ." "ಊರಿಗೆ ಫೋನ್ ಮಾಡಿದಾಗ ಅಜ್ಜಿ ತಾತನಿಗೆ ಹೇಳಬೇಡ." ಕಾಗದ ಡ್ರಾಯರಿನೊಳಗೆ ಹೋಗುತ್ತದೆ. ಮಗು ವಾರಕ್ಕೆರಡು ಸಂಜೆ ಇನ್ನೊಂದು ಟ್ಯೂಷನ್ನಿಗೆ ಹೋಗುತ್ತದೆ.

ಟ್ಯೂಷನ್ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಕುಮಾನ್ ಆಗಲಿ, ಇನ್ನೊಂದಾಗಲಿ, ಬರುವುದನ್ನು ಚೆನ್ನಾಗಿ ರೂಢಿ ಮಾಡಿಸುತ್ತವೆ. ಆದರೆ ಏಕೆ ಬರುತ್ತಿಲ್ಲವೆಂದು ಕಂಡುಹಿಡಿಯುವುದು ಅವುಗಳ ಕೆಲಸವಲ್ಲ. ಕಾಲು ಮುರಿದವನನ್ನು ಇನ್ನೂ ಎರಡು ಸುತ್ತು ಓಡು ಎಂದರೆ ಅದನ್ನು ಅಭ್ಯಾಸ ಎನ್ನುತ್ತಾರೆಯೇ?

ಮೊದಲು ಈ ನೆರವು ಎಂದರೇನೆಂದು ನೋಡೋಣ. 1975ರ ನವೆಂಬರಿನಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಒಂದು ಕಾಯಿದೆಗೆ ಸಹಿ ಹಾಕಿದರು. 1990ರಲ್ಲಿ ಅದಕ್ಕೆ ಈಗಿನ ಹೆಸರು ಬಂತು. ಎಲ್ಲರೂ ಅದನ್ನು ಐಡಿಯಾ ಎಂದೇ ಕರೆಯುತ್ತಾರೆ. ಅದರ ಪ್ರಕಾರ ನ್ಯೂನತೆಯಿರುವ ಪ್ರತಿ ಮಗುವಿಗೂ 3ರಿಂದ 21ನೆಯ ವಯಸ್ಸಿನವರೆಗೆ, ತಕ್ಕ ಶಿಕ್ಷಣವನ್ನು ಸಾರ್ವಜನಿಕ ಶಾಲೆ ಪುಕ್ಕಟೆಯಾಗಿ ಕೊಡಬೇಕು. ಮಗುವಿಗೊಂದು ಲಿಖಿತ ಯೋಜನೆ ತಯಾರಾಗುತ್ತದೆ. ಅದೇ ಐ.ಇ.ಪಿ. ಓದು ಕಲಿಸಲು ವಿಶೇಷ ತರಬೇತಿ ಪಡೆದ ಶಿಕ್ಷಕರು, ಮಾತಿನ ಚಿಕಿತ್ಸೆ, ಕೈಬರಹಕ್ಕೆ ಆಕ್ಯುಪೇಷನಲ್ ಥೆರಪಿ, ಯಾವುದು ಬೇಕೋ ಅದು ಆ ಯೋಜನೆಯಲ್ಲಿ ಬರುತ್ತದೆ. ಇನ್ನೊಂದು, 1973ರ ಪುನರ್ವಸತಿ ಕಾಯಿದೆಯ 504ನೆಯ ವಿಧಿ. ವಿಶೇಷ ಪಾಠ ಬೇಡದ, ಆದರೆ ಪರೀಕ್ಷೆಗೆ ಹೆಚ್ಚು ಸಮಯ, ಮುಂದಿನ ಸಾಲಿನಲ್ಲಿ ಜಾಗ, ಗದ್ದಲವಿಲ್ಲದ ಕೋಣೆ ಬೇಕಾದ ಮಕ್ಕಳಿಗೆ ಅದು ಅನುಕೂಲ. ಇಂಗ್ಲಿಷ್ ಇನ್ನೂ ಕಲಿಯುತ್ತಿರುವ ಮಕ್ಕಳಿಗೆ ಬೇರೆ ಪಾಠವಿದೆ. ಇವುಗಳಲ್ಲಿ ಯಾವುದೂ ದಾನವಲ್ಲ. ಬಹುಪಾಲು ಊರುಗಳಲ್ಲಿ ನಾವು ಕಟ್ಟುವ ಮನೆ ತೆರಿಗೆಯ ದೊಡ್ಡ ಪಾಲು ಶಾಲೆಗೇ ಹೋಗುತ್ತದೆ. ಬಾಡಿಗೆ ಮನೆಯವರು ಬಾಡಿಗೆಯ ಮೂಲಕ ಅದನ್ನೇ ಕಟ್ಟುತ್ತಾರೆ. ವೀಸಾದ ಮೇಲೆ ಇದ್ದೇವೆ, ಕೇಳಬಹುದೇ ಎಂದು ಹೆದರುವವರೂ ಇದ್ದಾರೆ. ವಲಸೆಯ ಸ್ಥಿತಿ ಯಾವುದೇ ಇರಲಿ, ಮಗುವನ್ನು ಸಾರ್ವಜನಿಕ ಶಾಲೆಯಿಂದ ಹೊರಗಿಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ.

2022–23ರಲ್ಲಿ ಸುಮಾರು 75 ಲಕ್ಷ ಮಕ್ಕಳು, ಎಂದರೆ ಸಾರ್ವಜನಿಕ ಶಾಲೆಯ ಮಕ್ಕಳಲ್ಲಿ ಶೇ. 15ರಷ್ಟು, ಐಡಿಯಾ ಕಾಯಿದೆಯಡಿ ನೆರವು ಪಡೆದರು. ಏಷ್ಯನ್ ಮೂಲದ ಮಕ್ಕಳಲ್ಲಿ ಆ ಪ್ರಮಾಣ ಅದರ ಅರ್ಧದ ಆಸುಪಾಸಿನಲ್ಲಿದೆ, ಎಲ್ಲ ಗುಂಪುಗಳಿಗಿಂತ ಕಡಿಮೆ. ನಮ್ಮ ಮಕ್ಕಳ ಮಿದುಳು ಬೇರೆ ಮಣ್ಣಿನಲ್ಲಿ ಮಾಡಿದ್ದು ಎಂದು ಹೆಮ್ಮೆಪಡುವವರು ಪಡಲಿ. ವೈದ್ಯರಾದ ನಮಗೆ ಆ ಅಂಕಿಯಲ್ಲಿ ಡ್ರಾಯರಿನೊಳಗೆ ಉಳಿದ ಕಾಗದಗಳೂ ಕಾಣುತ್ತವೆ.

ಇನ್ನು ನಮ್ಮವರ ಆಕ್ಷೇಪಣೆಗಳು. ಒಂದೊಂದಾಗಿ ತೆಗೆದುಕೊಳ್ಳೋಣ.

ಮೊದಲನೆಯದು: "ನಮ್ಮ ವಂಶದಲ್ಲೇ ಇಲ್ಲ." ಇದೆ ಸ್ವಾಮಿ, ಅದಕ್ಕೆ ಹೆಸರು ಇರಲಿಲ್ಲ ಅಷ್ಟೆ. ಡಿಸ್ಲೆಕ್ಸಿಯಾ, ಎಂದರೆ ಬುದ್ಧಿ ಚುರುಕಾಗಿದ್ದೂ ಓದು ಹತ್ತದ ತೊಂದರೆ, ವಂಶದಲ್ಲಿ ಹರಿದುಬರುವಂಥದ್ದು. ಎಸ್.ಎಸ್.ಎಲ್.ಸಿ.ಗೆ ಮೂರು ಸಲ ಕಟ್ಟಿ ಕೊನೆಗೆ ಅಂಗಡಿ ಇಟ್ಟು, ಲೆಕ್ಕವನ್ನು ಬಾಯಲ್ಲೇ ಮಾಡಿ ನಾಲ್ಕು ಕಾಸು ಸಂಪಾದಿಸಿದ ಸೋದರಮಾವ ಯಾರ ಮನೆಯಲ್ಲಿಲ್ಲ? ಅವನನ್ನು ದಡ್ಡ ಎಂದು ಕರೆದು ಕೈತೊಳೆದುಕೊಂಡರು. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಂಥ 14 ವರ್ಷದ ಹುಡುಗನೊಬ್ಬನ ಬಗ್ಗೆ ಬರೆದರು. ಆಟದಲ್ಲಿ ಚುರುಕು, ಲೆಕ್ಕ ಬರುತ್ತಿತ್ತು, ಅಕ್ಷರ ಮಾತ್ರ ಹತ್ತುತ್ತಿರಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಗೆ ಇವನೇ ಮೊದಲಿಗನಾಗುತ್ತಿದ್ದ ಎಂದು ಅವನ ಮೇಷ್ಟರೇ ಹೇಳಿದ್ದರಂತೆ. ನೂರಿಪ್ಪತ್ತು ವರ್ಷಗಳಿಗೂ ಹಿಂದಿನ ಇಂಗ್ಲಿಷ್ ಮೇಷ್ಟರಿಗೆ ಅರ್ಥವಾದದ್ದು ಡಿಗ್ರಿಯ ಮೇಲೆ ಡಿಗ್ರಿ ಪಡೆದ ನಮ್ಮವರಿಗೆ ಅರ್ಥವಾಗಬಾರದೇ?

ಎರಡನೆಯದು: "ಪರೀಕ್ಷೆ ಮಾಡಿಸಿದರೆ ಹಣೆಪಟ್ಟಿ ಅಂಟುತ್ತೆ." ಬಿ.ಪಿ. ನೋಡಬೇಡಿ ಡಾಕ್ಟ್ರೇ, ನೋಡಿದರೆ ತಾನೇ ಇರೋದು ಎನ್ನುವ ರೋಗಿಗಳನ್ನು ನಾವು ಬಲ್ಲೆವು. ಅಳೆಯದಿದ್ದ ಮಾತ್ರಕ್ಕೆ ಬಿ.ಪಿ. ಇಳಿಯುವುದಿಲ್ಲ. ಮಗುವಿಗೂ ಹಣೆಪಟ್ಟಿ ಆಗಲೇ ಅಂಟಿರುತ್ತದೆ. ತರಗತಿಯಲ್ಲಿ ಗಟ್ಟಿಯಾಗಿ ಓದುವ ಸರದಿ ಬಂದಾಗ ಪಕ್ಕದ ಮಕ್ಕಳು ನಕ್ಕರಲ್ಲ, ಅಂದೇ ಅಂಟಿತು. ಆ ಪಟ್ಟಿಯಲ್ಲಿ "ದಡ್ಡ" ಎಂದಿರುತ್ತದೆ. ಅದನ್ನು ಕಿತ್ತು ಸರಿಯಾದ ಹೆಸರು ಬರೆಯುವುದೇ ಪರೀಕ್ಷೆಯ ಕೆಲಸ. ಒಂದು ಸಹಿಗೆ ಜೀವನವೇ ಮುಗಿಯಿತೆಂದು ಹೆದರಬೇಕಾಗಿಯೂ ಇಲ್ಲ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ನೆರವಿಗೆ ಕೊಟ್ಟ ಒಪ್ಪಿಗೆಯಲ್ಲ. ಅದಕ್ಕೆ ಮತ್ತೆ ಕೇಳಲೇಬೇಕು. ನೆರವು ಶುರುವಾದ ಮೇಲೂ ಬೇಡವೆನಿಸಿದರೆ ತಾಯಿತಂದೆ ಬರೆದುಕೊಟ್ಟು ನಿಲ್ಲಿಸಬಹುದು.

ಮೂರನೆಯದು: "ಬೇರೆ ಕ್ಲಾಸಿಗೆ ಹಾಕಿಬಿಡ್ತಾರೆ." ಮಗುವನ್ನು ಆದಷ್ಟೂ ಇತರ ಮಕ್ಕಳ ಜೊತೆಯಲ್ಲೇ ಕಲಿಸಬೇಕೆಂದು ಕಾಯಿದೆಯೇ ಹೇಳುತ್ತದೆ. ಐಡಿಯಾ ನೆರವು ಪಡೆಯುವ ಶಾಲಾ ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲು ಮಕ್ಕಳು ಶಾಲೆಯ ಸಮಯದಲ್ಲಿ ಶೇ. 80 ಅಥವಾ ಅದಕ್ಕೂ ಹೆಚ್ಚನ್ನು ಸಾಮಾನ್ಯ ತರಗತಿಯಲ್ಲೇ ಕಳೆಯುತ್ತಾರೆ. ಈ ಹೆದರಿಕೆಯಿಂದ ಮಗುವನ್ನು ಖಾಸಗಿ ಶಾಲೆಗೆ ಸಾಗಿಸುವವರು ಒಂದು ಮಾತು ತಿಳಿದಿರಲಿ: ತಾಯಿತಂದೆಯೇ ಇಷ್ಟಪಟ್ಟು ಅಲ್ಲಿ ಸೇರಿಸಿದರೆ ಈ ಹಕ್ಕುಗಳು ಅಷ್ಟೇ ಬಲವಾಗಿ ಉಳಿಯುವುದಿಲ್ಲ. ಫೀಸೂ ಕೊಟ್ಟು, ಹಕ್ಕೂ ಬಿಟ್ಟುಕೊಟ್ಟಂತೆ.

ನಾಲ್ಕನೆಯದು, ಎಲ್ಲಕ್ಕಿಂತ ದೊಡ್ಡದು: "ಕಾಲೇಜಿನವರಿಗೆ ಗೊತ್ತಾದರೆ? ಮೆಡಿಕಲ್ ಸೀಟು ಸಿಗುತ್ತಾ?" ಮಗುವಿನ ಶಾಲಾ ದಾಖಲೆಗಳಿಗೆ 1974ರ ಕಾಯಿದೆಯ ರಕ್ಷಣೆಯಿದೆ. ಹೆಚ್ಚು ಸಮಯ ಪಡೆದು ಎಸ್.ಎ.ಟಿ. ಬರೆದವರ ಅಂಕದ ಪಕ್ಕದಲ್ಲಿ ಒಂದು ಗುರುತು ಹಾಕುವ ಪದ್ಧತಿ ಹಿಂದೆ ಇತ್ತು. ಅದು 2003ರಲ್ಲಿ ನಿಂತುಹೋಯಿತು. ಇನ್ನೂ ಒಂದು ಸಂಗತಿ ಕೇಳಿ. ಎಸ್.ಎ.ಟಿ., ಎಂಕ್ಯಾಟ್ ಮುಂತಾದ ಪರೀಕ್ಷೆಗಳಲ್ಲಿ ಹೆಚ್ಚು ಸಮಯ ಕೇಳುವಾಗ ಹಿಂದಿನ ದಾಖಲೆಗೇ ತೂಕ. ಮೂರನೆಯ ತರಗತಿಯಿಂದ ಮುಚ್ಚಿಟ್ಟು, ಹನ್ನೊಂದನೆಯ ತರಗತಿಯಲ್ಲಿ ಗಡಿಬಿಡಿಯಿಂದ ಸರ್ಟಿಫಿಕೇಟು ತಂದರೆ ಯಾರಿಗೂ ಅನುಮಾನ ಬರುವುದು ಸಹಜ. ಸೀಟಿನ ಆಸೆಯಿಂದ ಮುಚ್ಚಿಡುವವರೇ ಸೀಟಿನ ದಾರಿಯನ್ನು ಕಠಿಣ ಮಾಡುತ್ತಿದ್ದಾರೆ.

ಐದನೆಯದು ನಮ್ಮ ತಲೆಮಾರಿನವರ ಮೆಚ್ಚಿನ ಮಾತು: "ನಮಗ್ಯಾರು ಸಪೋರ್ಟ್ ಮಾಡಿದ್ರು? ಅರವತ್ತು ಹುಡುಗರ ಕ್ಲಾಸಿನಲ್ಲಿ ನೆಲದ ಮೇಲೆ ಕೂತು ಓದಿ ಬಂದ್ವಲ್ಲ?" ಬಂದವರು ಬಂದೆವು, ಸರಿ. ಉಳಿದವರೆಲ್ಲಿ? ಆ ಅರವತ್ತರಲ್ಲಿ ಎಷ್ಟು ಮಂದಿ ಎಸ್.ಎಸ್.ಎಲ್.ಸಿ. ದಾಟಿದರು, ಎಷ್ಟು ಮಂದಿ ಪಿ.ಯು.ಸಿ.? ಸೋತವರು ನಮ್ಮ ಯುಗಾದಿ ಊಟಕ್ಕೆ ಬರುವುದಿಲ್ಲ, ಆದ್ದರಿಂದ ಎಲ್ಲರೂ ಗೆದ್ದಂತೆ ಕಾಣುತ್ತದೆ. ವಾರ್ಡಿನಿಂದ ಬದುಕಿ ಮನೆಗೆ ಹೋದವರನ್ನಷ್ಟೇ ಎಣಿಸಿ, ಈ ರೋಗಕ್ಕೆ ಔಷಧವೇ ಬೇಡ ಎನ್ನುವ ವೈದ್ಯನನ್ನು ನೀವು ನಂಬುತ್ತೀರಾ?

ಇನ್ನು, ನಮಗೆ ಯಾರೂ ನೆರವಾಗಲಿಲ್ಲ ಎನ್ನುವುದೂ ನಿಜವಲ್ಲ. ವಾರಾನ್ನ ಎಂಬ ಪದವನ್ನು ಮರೆತೆವೇ? ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಉಂಡು ಓದಿದ ಹಿರಿಯರು ಎಷ್ಟು ಕುಟುಂಬಗಳಲ್ಲಿ ಇಲ್ಲ! ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಜಾತಿಭೇದವಿಲ್ಲದೆ ಉಚಿತವಾಗಿ ಉಂಡು, ಮಲಗಿ, ಓದುತ್ತಾರೆ. ಜಾತಿಗೊಂದು, ಜಿಲ್ಲೆಗೊಂದು ವಿದ್ಯಾರ್ಥಿನಿಲಯ ಇದ್ದವು. ಸಂಜೆ ಮನೆಗೆ ಕರೆದು ಕಾಸು ತೆಗೆದುಕೊಳ್ಳದೆ ಗಣಿತ ಹೇಳಿಕೊಟ್ಟ ಮೇಷ್ಟರು ಇದ್ದರು. ಓದುವ ಹುಡುಗನಿಗೆ ಯಾವುದು ಕೊರತೆಯೋ ಅದನ್ನು ಊರು ತುಂಬಿಕೊಡುತ್ತಿತ್ತು. ಅಂದಿನ ಕೊರತೆ ಅನ್ನ, ಹಾಸಿಗೆ. ಇಂದಿನ ಮಗುವಿಗೆ ಅನ್ನ ಹಾಸಿಗೆ ಬೇಕಾದಷ್ಟಿದೆ, ಓದು ಹತ್ತಿಸುವ ಶಿಕ್ಷಕರು ಬೇಕು. ಅನ್ನಕ್ಕೆ ಕೈಯೊಡ್ಡಿದಾಗ ಹೋಗದ ಮರ್ಯಾದೆ ಅಕ್ಷರಕ್ಕೆ ಕೈಯೊಡ್ಡಿದರೆ ಹೋಗುತ್ತದೆಯೇ?

ಇಂದು ಊರಿನಲ್ಲೂ ಕಾಲ ಬದಲಾಗಿದೆ. 2007ರಲ್ಲಿ 'ತಾರೇ ಜಮೀನ್ ಪರ್' ಸಿನಿಮಾ ನೋಡಿ ಎಲ್ಲರೂ ಕಣ್ಣೊರೆಸಿಕೊಂಡರು. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಕಲಿಕೆಯ ನ್ಯೂನತೆಯನ್ನೂ ತನ್ನ 21 ನ್ಯೂನತೆಗಳ ಪಟ್ಟಿಯಲ್ಲಿ ಸೇರಿಸಿಕೊಂಡಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಮಕ್ಕಳನ್ನು ಪರೀಕ್ಷಿಸುವ ಏರ್ಪಾಡಿದೆ. ಅಜ್ಜಿ ತಾತನಿಗೆ ಹೇಳಬೇಡಿ ಎನ್ನುತ್ತೀರಲ್ಲ, ಅವರಿಗೆ ನಮಗಿಂತ ಮೊದಲೇ ಗೊತ್ತಿದ್ದರೂ ಆಶ್ಚರ್ಯವಿಲ್ಲ.

ಈಗ ಭಾಷೆಯ ಮಾತು. ಕನ್ನಡ ಸಂಘದ ಪತ್ರಿಕೆಯಲ್ಲಿ ಇದನ್ನು ಬಿಡುವಂತಿಲ್ಲ. ಮಗುವನ್ನು ಶಾಲೆಗೆ ಸೇರಿಸುವಾಗ ಮನೆಯಲ್ಲಿ ಯಾವ ಭಾಷೆ ಎಂದು ಒಂದು ಫಾರಂ ಕೇಳುತ್ತದೆ. ಅಜ್ಜಿಯ ಜೊತೆ ಕನ್ನಡದಲ್ಲೇ ಬೆಳೆದ ಮಗುವಿದ್ದರೂ "ಇಂಗ್ಲಿಷ್" ಎಂದು ಬರೆದುಬರುವವರಿದ್ದಾರೆ. ಬೇರೆ ಕ್ಲಾಸಿಗೆ ಹಾಕಿಯಾರೆಂಬ ಭಯ! 1974ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಚೀನೀ ಕುಟುಂಬಗಳು ಸುಪ್ರೀಂ ಕೋರ್ಟಿನವರೆಗೆ ಹೋಗಿ, ಇಂಗ್ಲಿಷ್ ಬಾರದ ಮಕ್ಕಳಿಗೆ ಶಾಲೆ ಸುಮ್ಮನೆ ಅದೇ ಪುಸ್ತಕ ಕೈಗಿತ್ತರೆ ಸಾಲದು ಎಂಬ ತೀರ್ಪು ಪಡೆದವು. ಅವರು ಹೋರಾಡಿ ಪಡೆದದ್ದನ್ನು ನಮ್ಮವರು ಒಂದು ಸುಳ್ಳಿನಿಂದ ಕಳೆದುಕೊಳ್ಳುತ್ತಿದ್ದಾರೆ. ಆ ಫಾರಮಿನಲ್ಲಿ "ಕನ್ನಡ" ಎಂದು ಬರೆಯಲು ನಾಚಿಕೆಪಡುವವರು ರಾಜ್ಯೋತ್ಸವದಲ್ಲಿ ಬಾವುಟ ಹಿಡಿದು ಏನು ಪ್ರಯೋಜನ?

ಇದರ ಇನ್ನೊಂದು ಮುಖವೂ ಇದೆ. ಮಗು ಮಾತು ತಡ ಮಾಡಿದರೆ, "ಮನೆಯಲ್ಲಿ ಕನ್ನಡ ನಿಲ್ಲಿಸಿ, ಇಂಗ್ಲಿಷ್ ಒಂದೇ ಆಡಿ" ಎನ್ನುವವರು ಶಾಲೆಗಳಲ್ಲೂ ಇದ್ದಾರೆ, ನಮ್ಮ ವೈದ್ಯ ವೃತ್ತಿಯಲ್ಲೂ ಇದ್ದಾರೆ. ಈ ಸಲಹೆಗೆ ವಿಜ್ಞಾನದ ಆಧಾರವಿಲ್ಲ. ಎರಡು ಭಾಷೆ ಕಲಿಯುವುದರಿಂದ ಮಾತಿನ ನ್ಯೂನತೆ ಬರುವುದಿಲ್ಲ, ಒಂದನ್ನು ಕಿತ್ತುಹಾಕಿದರೆ ಅದು ವಾಸಿಯೂ ಆಗುವುದಿಲ್ಲ. ಅಜ್ಜಿಯ ಜೊತೆ ಮಾತು ಮಾತ್ರ ನಿಂತುಹೋಗುತ್ತದೆ. ಇಂಗ್ಲಿಷ್ ಬಾರದ್ದನ್ನೇ ನ್ಯೂನತೆಯೆಂದು ತೀರ್ಮಾನಿಸಬಾರದು, ಸಾಧ್ಯವಿದ್ದಷ್ಟೂ ಮಗುವಿನ ಭಾಷೆಯಲ್ಲೇ ಪರೀಕ್ಷಿಸಬೇಕು ಎಂದು ಐಡಿಯಾ ಕಾಯಿದೆ ಹೇಳುತ್ತದೆ. ಅದನ್ನು ಶಾಲೆಗೆ ನೆನಪಿಸುವವರು ನಾವಾಗಬೇಕು.

ಶಾಲೆಗಳು ದೇವಸ್ಥಾನ, ಅವರು ಹೇಳಿದ್ದೆಲ್ಲ ಪ್ರಸಾದ ಎಂದು ನಾವು ಹೇಳುತ್ತಿಲ್ಲ. ಖರ್ಚು ಅವರಿಗೂ ತಲೆನೋವು. ದೇಶದ ಸರಾಸರಿ ವಿದ್ಯಾರ್ಥಿ ವೆಚ್ಚದ ಶೇ. 40ರವರೆಗೆ ಕೇಂದ್ರ ಸರ್ಕಾರ ಕೊಡುತ್ತದೆಂದು 1975ರ ಕಾಯಿದೆ ಆಸೆ ತೋರಿಸಿತ್ತು. ಅಷ್ಟನ್ನು ಯಾವ ವರ್ಷವೂ ಕೊಟ್ಟಿಲ್ಲ. ಟೆಕ್ಸಾಸಿನಲ್ಲಿ ಏನಾಯಿತು ನೋಡಿ. 2004ರಿಂದ ಅಲ್ಲಿನ ಶಿಕ್ಷಣ ಇಲಾಖೆ, ವಿಶೇಷ ನೆರವು ಪಡೆಯುವ ಮಕ್ಕಳು ಶೇ. 8.5 ಮೀರದಿರಲಿ ಎಂದು ಶಾಲೆಗಳ ಮೇಲೆ ಗುರಿ ಹೇರಿತು. 2016ರಲ್ಲಿ ಹ್ಯೂಸ್ಟನ್ ಕ್ರಾನಿಕಲ್ ಪತ್ರಿಕೆ ಅದನ್ನು ಬಯಲಿಗೆಳೆಯಿತು, 2017ರಲ್ಲಿ ರಾಜ್ಯದ ಶಾಸನಸಭೆ ಅಂಥ ಮಿತಿಯನ್ನೇ ನಿಷೇಧಿಸಿತು, 2018ರಲ್ಲಿ ಕೇಂದ್ರ ಇಲಾಖೆ ಅದನ್ನು ಕಾನೂನಿನ ಉಲ್ಲಂಘನೆ ಎಂದಿತು. ಅಷ್ಟು ವರ್ಷ ಆ ಲೆಕ್ಕಕ್ಕೆ ಅತ್ಯಂತ ಅನುಕೂಲವಾಗಿದ್ದವರು ಯಾರು? ಏನನ್ನೂ ಕೇಳದ, "ಎಲ್ಲಾ ಚೆನ್ನಾಗಿದೆ" ಎಂದು ನಗುತ್ತಾ ಹೋಗುವ ತಾಯಿತಂದೆಯರು. ನಾವು ಸಭ್ಯತೆ ಎಂದುಕೊಳ್ಳುವ ಮೌನ ಅವರಿಗೆ ಉಳಿತಾಯ. 2025ರ ಮಾರ್ಚಿನಲ್ಲಿ ಕೇಂದ್ರ ಶಿಕ್ಷಣ ಇಲಾಖೆಯ ಸಿಬ್ಬಂದಿಯನ್ನು ಸುಮಾರು ಅರ್ಧಕ್ಕೆ ಇಳಿಸುವ ನಿರ್ಧಾರವೂ ಪ್ರಕಟವಾಯಿತು. ಕಾವಲುಗಾರ ಕಡಿಮೆಯಾದಾಗ ಮನೆಯವರೇ ಎಚ್ಚರವಾಗಿರಬೇಕು.

ಆದ್ದರಿಂದ ತಾಯಿತಂದೆಯರು ಮಾಡಬೇಕಾದದ್ದು ಇಷ್ಟು. ಅನುಮಾನವಿದ್ದರೆ ಶಾಲೆಯ ಕಾಗದಕ್ಕೆ ಕಾಯಬೇಡಿ, ನೀವೇ ಕೇಳಿ. ಬಾಯಲ್ಲಿ ಕೇಳಬೇಡಿ, ತಾರೀಖು ಹಾಕಿ ಬರೆದುಕೊಡಿ, ಒಂದು ನಕಲು ಇಟ್ಟುಕೊಳ್ಳಿ. ಒಪ್ಪಿಗೆ ಕೊಟ್ಟ 60 ದಿನಗಳಲ್ಲಿ, ರಾಜ್ಯಕ್ಕೆ ಬೇರೆ ಗಡುವಿದ್ದರೆ ಅದರೊಳಗೆ, ಪರೀಕ್ಷೆ ಮುಗಿಯಬೇಕು. "ಮೊದಲು ಬೇರೆ ಉಪಾಯ ಮಾಡಿ ನೋಡೋಣ" ಎಂದು ಹೇಳಿ ಪರೀಕ್ಷೆಯನ್ನು ಮುಂದೂಡುವಂತಿಲ್ಲವೆಂದು ಕೇಂದ್ರ ಇಲಾಖೆ 2011ರಲ್ಲೇ ರಾಜ್ಯಗಳಿಗೆ ತಿಳಿಸಿದೆ. ಐ.ಇ.ಪಿ.ಯನ್ನು ವರ್ಷಕ್ಕೊಮ್ಮೆಯಾದರೂ ಮತ್ತೆ ನೋಡಲೇಬೇಕು. ಹೆಸರಿಗಷ್ಟೇ ನೆರವು ಕೊಟ್ಟರೆ ಸಾಲದು, ಮಗುವಿನ ಸ್ಥಿತಿಗೆ ತಕ್ಕ ಪ್ರಗತಿ ಆಗುವಂತಿರಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಒಮ್ಮತದಿಂದ ಹೇಳಿದೆ. ತಡ ಮಾತ್ರ ಮಾಡಬೇಡಿ. ಮೊದಲ ಎರಡು ಮೂರು ತರಗತಿಗಳಲ್ಲಿ ಮಗು ಓದಲು ಕಲಿಯುತ್ತದೆ, ಆಮೇಲೆ ಓದಿ ಕಲಿಯಬೇಕಾಗುತ್ತದೆ. ಓದು ಬಾರದಿದ್ದರೆ ಅಲ್ಲಿಂದ ವಿಜ್ಞಾನ, ಚರಿತ್ರೆ ಎಲ್ಲದರಲ್ಲೂ ಹಿಂದೆ ಬೀಳುತ್ತದೆ. ಪಾಟ್‌ಲಕ್‌ನಲ್ಲಿ ತಟ್ಟೆ ಹಿಡಿದುಕೊಂಡು, "ಬೆಳೀತಾ ಬೆಳೀತಾ ಸರಿಹೋಗುತ್ತೆ ಅಲ್ವಾ ಡಾಕ್ಟ್ರೇ?" ಎಂದು ಕೇಳುವವರಿಗೆ ನಮ್ಮ ಉತ್ತರ ಇದು: ಅಂಗಿ ಚಿಕ್ಕದಾಗುತ್ತದೆ, ಡಿಸ್ಲೆಕ್ಸಿಯಾ ಚಿಕ್ಕದಾಗುವುದಿಲ್ಲ.

ಸಂಘಕ್ಕೂ ಒಂದು ಕೆಲಸ ಇದೆ. ಶಾಲೆಯ ಆ ಸಭೆಯಲ್ಲಿ ಮೇಜಿನ ಆಚೆ ಐದಾರು ಜನ ಕೂತಿರುತ್ತಾರೆ, ಈಚೆ ಅಳು ನುಂಗಿಕೊಂಡ ಒಬ್ಬ ತಾಯಿ. ಮಗುವನ್ನು ಬಲ್ಲವರನ್ನೋ ವಿಷಯ ತಿಳಿದವರನ್ನೋ ಜೊತೆಗೆ ಕರೆದೊಯ್ಯಲು ಕಾನೂನು ಅವಕಾಶ ಕೊಟ್ಟಿದೆ. ಬೇಕಾದರೆ ಶಾಲೆಯೇ ದುಭಾಷಿಯನ್ನೂ ಒದಗಿಸಬೇಕು. ನಮ್ಮ ಸಂಘದಲ್ಲಿ ಶಿಕ್ಷಕರಿದ್ದಾರೆ, ವಕೀಲರಿದ್ದಾರೆ, ಥೆರಪಿಸ್ಟರಿದ್ದಾರೆ, ವೈದ್ಯರಂತೂ ಬೇಕಾದಷ್ಟು. ನಾಲ್ಕು ಜನರ ಒಂದು ಪುಟ್ಟ ಸಮಿತಿ ಸಾಕು. ಕರೆದಾಗ ಒಬ್ಬರು ಹೋಗಿ ಪಕ್ಕದ ಕುರ್ಚಿಯಲ್ಲಿ ಕೂರುವುದು, ಹೊರಗೆ ಬಂದ ಮೇಲೆ ಯಾರ ಹೆಸರನ್ನೂ ಎತ್ತದಿರುವುದು, ಇವೆರಡೇ ನಿಯಮ. ನಾಟಕಕ್ಕೆ, ಆರ್ಕೆಸ್ಟ್ರಾಕ್ಕೆ, ಊಟಕ್ಕೆ ಸಮಿತಿ ಮಾಡುವ ನಮಗೆ ಇದು ಭಾರವಲ್ಲ. ಮುಂದಿನ ಕಾರ್ಯಕಾರಿ ಸಭೆಯಲ್ಲಿ ಈ ಸೂಚನೆಯನ್ನು ಮಂಡಿಸಲಿದ್ದೇವೆ. ವಿರೋಧಿಸುವವರು ಎದ್ದು ನಿಂತು ವಿರೋಧಿಸಲಿ, ಚರ್ಚೆ ಆಗಲಿ.

ಅಲ್ಲಿಯವರೆಗೆ, ಯಾರ ಮನೆಯ ಡ್ರಾಯರಿನಲ್ಲಿ ಆ ಕಾಗದ ಇದೆಯೋ ಅವರು ಈ ರಾತ್ರಿ ಅದನ್ನು ಹೊರಗೆ ತೆಗೆಯಿರಿ. ತಾರೀಖು ಹಳೆಯದಾಗಿದ್ದರೆ ಚಿಂತೆಯಿಲ್ಲ, ಹೊಸದನ್ನು ಕೇಳಬಹುದು. ಮಗುವಿನ ವಯಸ್ಸನ್ನು ಮಾತ್ರ ಹಿಂದಕ್ಕೆ ಕೇಳಲಾಗುವುದಿಲ್ಲ.